ಬಾವಲಿ ಹಾಯುವಷ್ಟು ಸಂದು

ಕ್ವಾಂತಾನ್, ಪಹಾಂಗ್
14 ಸೆಪ್ಟೆಂಬರ್ 1997

ಜನಾರ್ದನ ಮಾಮಾನಿಗೆ ಮಯೂರಿಯ ನಮಸ್ಕಾರ.

ಯೋಗಕ್ಷೇಮ ಕೊನೆಗೆ ಬರೆಯುತ್ತೇನೆ. ಮೊದಲು ಕೆಲಸದ ವಿಷಯ. ಹಟ್ಟಿ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ಸುರಕ್ಷತೆಯ ಅಧಿಕಾರಿಯಾಗಿದ್ದವರು ನಮ್ಮ ವಂಶದಲ್ಲಿ ನೀವೊಬ್ಬರೇ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಅನೀಶ ಪಾಠ ಹೇಳುವ ಮೆಡಿಕಲ್ ಕಾಲೇಜಿನವರು ಕೊಟ್ಟ ಮನೆಗೆ ಬಂದು ಎರಡು ತಿಂಗಳಾಯಿತು. ಊರ ಹೊರಗಿನ ಹೊಸ ಬಡಾವಣೆ. ಇಲ್ಲಿ ಬಡಾವಣೆಗೆ ತಮಾನ್ ಎನ್ನುತ್ತಾರೆ, ಹಾಗೆಂದರೆ ತೋಟ ಎಂದೂ ಅರ್ಥವಂತೆ. ತೋಟ ಎಲ್ಲೂ ಇಲ್ಲ. ನಮ್ಮದು ಕೊನೆಯ ಸಾಲು. ಹಿತ್ತಲಿನ ಚರಂಡಿ ದಾಟಿದರೆ ಗುಡ್ಡ, ಆ ಗುಡ್ಡದಲ್ಲಿ ಹಿಂದೆ ಯಾವಾಗಲೋ ತವರಕ್ಕಾಗಿ ಕೊರೆದ ಸುರಂಗ. ಬಾವಿಯ ಹಾಗೆ ಕೆಳಕ್ಕಿಲ್ಲ, ನೆಲಮಟ್ಟದಲ್ಲಿ ನೇರ ಒಳಕ್ಕೆ ಹೋಗುತ್ತದೆ. ಕಂಪನಿ ಎದ್ದುಹೋಗಿ ದಶಕಗಳಾಗಿವೆ. ಬಾಗಿಲಿಲ್ಲ, ಬೇಲಿಯಿಲ್ಲ. ಅಡುಗೆಮನೆಯ ಕಿಟಕಿಯಿಂದ ಅದರ ಬಾಯಿ ಕಾಣುತ್ತದೆ. ಈಗ ಇಂಡೋನೇಷ್ಯಾದ ಕಾಡಿನ ಬೆಂಕಿಯ ಹೊಗೆ ಇಲ್ಲಿಗೂ ಬಂದು ಕೆಲವು ದಿನ ಗುಡ್ಡವೇ ಕಾಣುವುದಿಲ್ಲ. ಕಾಣದಿದ್ದರೂ ಅದು ಅಲ್ಲೇ ಇದೆ ಎಂದು ನನಗೆ ಗೊತ್ತಿರುತ್ತದಲ್ಲ.

ಹೋದ ವಾರ ಕಾಲನಿಯ ಒಂದು ಮಗು ಮಧ್ಯಾಹ್ನದ ಹೊತ್ತು ಒಂದೇ ಅಲ್ಲಿಗೆ ಹೋಗಿತ್ತು. ಮನೆಯವರು ಮಲಗಿದ್ದರಂತೆ. ಹುಡುಕಿಕೊಂಡು ಹೋದಾಗ ಸುರಂಗದೊಳಗೆ ಸ್ವಲ್ಪ ದೂರದಲ್ಲಿ, ನಿಂತ ನೀರಿನಲ್ಲಿ ಕೂತು ಆಡುತ್ತಿತ್ತು. ಏನೂ ಆಗಲಿಲ್ಲ. ಆ ನೀರು ಮುಂದೆ ಎಷ್ಟು ಆಳವಿದೆ ಎಂಬುದು ಯಾರಿಗೂ ಗೊತ್ತಿಲ್ಲ.

ಅದನ್ನು ಮುಚ್ಚಿಸಬೇಕೆಂದು ನಿವಾಸಿಗಳ ಸಮಿತಿಯಲ್ಲಿ ನಾನೇ ಎದ್ದು ಹೇಳಿದೆ. ಕಾರ್ಯದರ್ಶಿ ದೇವದಾಸ್ ತಮಿಳರು, ರಬ್ಬರ್ ಎಸ್ಟೇಟಿನ ಶಾಲೆಯಲ್ಲಿ ಮೇಷ್ಟರಾಗಿದ್ದವರು. "ಅಮ್ಮಾ, ನೀವು ಓದಿದವರು, ಅರ್ಜಿ ನೀವೇ ಬರೆಯಿರಿ," ಎಂದರು. ಏನು ಬರೆಯಲಿ, ಹೇಗೆ ಮುಚ್ಚಬೇಕು, ತಿಳಿಸಿ. ಬೇಗ ತಿಳಿಸಿ.

ನಾವೆಲ್ಲ ಆರಾಮ. ಸುಮಂತನಿಗೆ ಈಗ ಓಡಲು ಬರುತ್ತದೆ.

ನಿಮ್ಮ
ಮಯೂರಿ


ಹಟ್ಟಿ, ರಾಯಚೂರು ಜಿಲ್ಲೆ
2 ಅಕ್ಟೋಬರ್ 1997

ಚಿ. ಮಯೂರಿ,

ಮುಚ್ಚಿಸು. ಬಿಟ್ಟುಹೋದ ಗಣಿಯ ಬಾಯಿ ತೆರೆದಿರಬಾರದು. ಇದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಇಟ್ಟಿಗೆಯ ಗೋಡೆ ಬೇಡ, ಹುಡುಗರು ಒಂದು ರಜೆಯಲ್ಲಿ ಕಿತ್ತುಹಾಕುತ್ತಾರೆ. ಒಂದೂವರೆ ಅಡಿ ದಪ್ಪದ ಕಾಂಕ್ರೀಟ್ ಆಗಬೇಕು. ಅಡಿಯಲ್ಲಿ ನೀರು ಹೋಗಲು ಕೊಳವೆ ಇಡಿಸು. ಇಡದಿದ್ದರೆ ಒಳಗಿನ ನೀರು ಏರಿ ಗೋಡೆಯನ್ನೇ ದೂಡುತ್ತದೆ. ಮುಚ್ಚುವ ಮೊದಲು ಒಳಗೆ ಯಾರಿದ್ದಾರೆ ಎಂದು ನೋಡಬೇಕು. ಮನುಷ್ಯರು, ನಾಯಿ, ಏನೇ ಇರಲಿ. ತಮಾಷೆಗೆ ಹೇಳುತ್ತಿಲ್ಲ, ಅದು ನಮ್ಮಲ್ಲಿ ಮೊದಲ ನಿಯಮ. ನೀನೊಬ್ಬಳೇ ಹೋಗಬೇಡ. ಬಾಯಿಯ ಹೊರಗೇ ನಿಂತು ನೋಡು.

ಗೋಡೆ ಏಳುವವರೆಗೆ ಒಂದು ಬೇಲಿ ಬೇಕಾಗುತ್ತದೆ. ಅದರ ಅಳತೆಗೆ ಆ ಮಗುವಿನ ಎತ್ತರ ಮತ್ತು ತಲೆಯ ಅಗಲ ಗೊತ್ತಾಗಬೇಕು. ಅಳೆದು ಬರೆ. ಮಗು ನಿನ್ನ ಮನೆಯಲ್ಲೇ ಇರುವುದರಿಂದ ಕಷ್ಟವಾಗಲಾರದು.

ನಿನ್ನ ಅತ್ತೆ ನಿನ್ನ ಕಾಗದವನ್ನು ಎರಡು ಸಲ ಓದಿದಳು. "ಆಕಿ ನಿದ್ದಿ ಮಾಡ್ತಾಳೋ ಇಲ್ಲೋ ಕೇಳ್ರಿ," ಎಂದಳು. ಕೇಳಿದ್ದೇನೆ.

ಆಶೀರ್ವಾದಗಳೊಂದಿಗೆ,
ಜನಾರ್ದನ


ಕ್ವಾಂತಾನ್
20 ಅಕ್ಟೋಬರ್ 1997

ಮಾಮಾ,

ಎತ್ತರ ಮೂವತ್ಮೂರು ಇಂಚು. ತಲೆಯ ಅಗಲ ಐದೂಕಾಲು. ನಿದ್ದೆಯಲ್ಲಿದ್ದಾಗ ಅಳೆದೆ. ಅತ್ತೆಗೆ ಹೇಳಿ, ಅವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಒಳಗೆ ಯಾರಿದ್ದಾರೆ ನೋಡು ಎಂದಿರಿ, ನೋಡಿದೆವು. ಸಂಜೆ ಅನೀಶ ಕಾಲೇಜಿನಿಂದ ಬಂದ ಮೇಲೆ ಹೋದೆವು. ಮಗು ಅಪ್ಪನ ಹೆಗಲ ಮೇಲಿತ್ತು. ಪಕ್ಕದ ಇಳಿಜಾರಿನಲ್ಲಿ ಮನೆ ಮಾಡಿಕೊಂಡಿರುವ ರೊಕಿಯಾ ಎಂಬ ಹೆಂಗಸು ಜೊತೆಗೆ ಬಂದಳು. ಎಲ್ಲರೂ ಅವಳನ್ನು ಮಾಚಿಕ್ ಎನ್ನುತ್ತಾರೆ, ನಮ್ಮ ಚಿಕ್ಕಮ್ಮನ ಹಾಗೆ. ಅವಳಿಗೆ ಆ ಗುಡ್ಡದಲ್ಲೇ ಡುರಿಯನ್ ಮರಗಳಿವೆ, ನಮ್ಮ ಹಲಸಿನ ಹಾಗೆ ಮುಳ್ಳುಮುಳ್ಳಿನ ಹಣ್ಣು. ನಮಗೆ ಮಲಯ್ ಅಷ್ಟಕ್ಕಷ್ಟೆ, ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಮಾತು ನಡೆಯುತ್ತದೆ, ಮಾತಿನ ಬಾಲಕ್ಕೆ ಇಲ್ಲಿಯವರೆಲ್ಲರ ಹಾಗೆ ಒಂದು 'ಲಾ' ಸೇರಿಸುತ್ತಾಳೆ.

ಬೆಳಕು ಇಳಿಯುತ್ತಿದ್ದ ಹಾಗೆ ಅವು ಹೊರಬಂದವು. ಬಾವಲಿಗಳು. ಒಳಗೆ ಯಾರೋ ಕಪ್ಪು ಬಟ್ಟೆಯ ಥಾನೊಂದನ್ನು ಬಿಚ್ಚಿ ಹೊರಕ್ಕೆ ಎಳೆದ ಹಾಗೆ ಬಂದವು, ಎಳೆದಷ್ಟೂ ಮುಗಿಯಲಿಲ್ಲ. ಸುಮಂತ ಕೈ ಎತ್ತಿದ. ಒಂದೂ ಅವನಿಗೆ ತಾಗಲಿಲ್ಲ. ಕಾಲೇಜಿನಲ್ಲಿ ಸ್ಪಿರಿಟ್ಟಿನ ಬಾಟಲಿಯಲ್ಲಿಟ್ಟ ಬಾವಲಿಯ ಚಿತ್ರ ಬರೆದು ನಾನು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಹಾರುವುದನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ.

ಮಾಚಿಕ್ ಹೇಳುವುದು ಹೀಗೆ. ಡುರಿಯನ್ ಹೂ ಅರಳುವುದು ಸಂಜೆಯ ಮೇಲೆ, ಆಗ ಮರಕ್ಕೆ ಬರುವುದು ಇವೇ. ಇವು ಬಾರದ ವರ್ಷ ಹೂವು ಹಾಗೇ ಉದುರಿಹೋಗುತ್ತದೆ. ನವೆಂಬರಿನಿಂದ ಈ ಕಡಲ ತೀರದಲ್ಲಿ ಹಿಡಿದು ಹೊಡೆಯುವ ಮಳೆಯ ಕಾಲ. ಇಲ್ಲಿಯವರಿಗೆ ಚಳಿಗಾಲವೆಂದರೆ ಅದೇ. ಆಗ ಬೇರೆ ಕಡೆಯ ಬಾವಲಿಗಳೂ ಬಂದು ಇದರೊಳಗೆ ಸೇರುತ್ತವೆ, ಮಳೆ ಬಿಡುವವರೆಗೆ ಇದೇ ಅವುಗಳ ಮನೆ. ಸಮಿತಿಯ ಸಭೆಗೂ ಬಂದು ಇದನ್ನೇ ಹೇಳಿದಳು, ಅವರಿಗೆ ತಾಗಲಿಲ್ಲ. ಗೋಡೆ ಕಟ್ಟಲು ದೀಪಾವಳಿ ಮುಗಿದ ಮೇಲಿನ ಸೋಮವಾರ ನಿಗದಿಯಾಗಿತ್ತು. ಆಗ ಅವಳು ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಮುಚ್ಚಿಸು ಮಗಳೇ, ಮುಚ್ಚಿಸು. ಮಳೆಗೆ ಅವಕ್ಕೆ ಇನ್ನೊಂದು ಮಾಡು ಬೇಕಲ್ಲ. ನಿಮ್ಮ ಮನೆಗಳ ಮಾಡು ಹೊಸದು ಲಾ, ಸೋರುವುದಿಲ್ಲ."

ಸಭೆಯಲ್ಲಿ ಎಲ್ಲರೂ ಒಮ್ಮೆ ತಲೆ ಎತ್ತಿ ಸೀಲಿಂಗ್ ನೋಡಿದರು. ಗೋಡೆ ಬೇಡ, ಗೇಟು ಸಾಕು ಎಂದು ಅಲ್ಲೇ ತೀರ್ಮಾನವಾಯಿತು.

ನನಗೆ ಈಗ ಗೇಟಿನ ಅಳತೆ ಬೇಕು. ಅವು ಹೋಗಬೇಕು, ಅವನು ಹೋಗಬಾರದು.

ಮಯೂರಿ


ಹಟ್ಟಿ
7 ನವೆಂಬರ್ 1997

ಚಿ. ಮಯೂರಿ,

ನನಗೆ ಇದು ಒಪ್ಪಿಗೆಯಿಲ್ಲ. ಗೋಡೆಗೆ ಬೀಗ ಬೇಕಾಗುವುದಿಲ್ಲ, ಗೇಟಿಗೆ ಬೇಕಾಗುತ್ತದೆ. ಬೀಗ ಹಾಕುವವನು ಮರೆಯುತ್ತಾನೆ. ಆದರೂ ಕೇಳಿದ್ದೀ.

ನಕ್ಷೆ ಇದರೊಂದಿಗಿದೆ. ಎಲ್ಲ ಸರಳುಗಳೂ ನೆಟ್ಟಗೆ ನಿಲ್ಲಬೇಕು, ಒಂದಕ್ಕೊಂದು ನಡುವೆ ನಾಲ್ಕೇ ಇಂಚು. ಅಡ್ಡ ಸರಳು ಎಲ್ಲೂ ಬೇಡ. ಅಡ್ಡ ಸರಳು ಕಂಡರೆ ಮಕ್ಕಳು ಅದನ್ನು ಏಣಿ ಮಾಡಿಕೊಳ್ಳುತ್ತಾರೆ. ನಾಲ್ಕು ಇಂಚಿನಲ್ಲಿ ನಿನ್ನ ಮಗನ ತಲೆ ಹಿಡಿಸುವುದಿಲ್ಲ. ಬಾವಲಿಯ ಮೈ ಇಲಿಯಷ್ಟು, ಧಾರಾಳವಾಗಿ ಹೋಗುತ್ತದೆ.

ಅತ್ತೆ ನಿನಗೆ ಮಲಗುವಾಗ ಹಾಲಿಗೆ ಗಸಗಸೆ ಅರೆದು ಹಾಕಿಕೊಳ್ಳಲು ಹೇಳಿದ್ದಾಳೆ. ಆ ದೇಶದಲ್ಲಿ ಗಸಗಸೆ ಸಿಗುತ್ತದೋ ಇಲ್ಲವೋ ನನಗೆ ತಿಳಿಯದು.

ಆಶೀರ್ವಾದಗಳು.
ಜನಾರ್ದನ


ಕ್ವಾಂತಾನ್
9 ಡಿಸೆಂಬರ್ 1997

ಮಾಮಾ,

ಗೇಟು ಹಾಕಿಸಿದೆವು. ಇಲ್ಲಿ ಪ್ರತಿ ಮನೆಯ ಬಾಗಿಲಿಗೂ ಕಿಟಕಿಗೂ ಕಬ್ಬಿಣದ ಗ್ರಿಲ್ ಇರುತ್ತದೆ. ಅದನ್ನು ಮಾಡುವ ಲಿಮ್ ಎಂಬ ಚೀನೀಯನಿಗೆ ನಿಮ್ಮ ನಕ್ಷೆ ಕೊಟ್ಟೆ. ಅಂಚಿಗೆ ಹೂಬಳ್ಳಿ ಬೇಡವೇ ಎಂದು ಎರಡು ಸಲ ಕೇಳಿದ. ಬೇಡವೆಂದೆ. ಮಳೆ ಜೋರಾಗುವ ಮುನ್ನ ಕೂರಿಸಿ, ನಡುವೆ ಒಂದು ಬಾಗಿಲಿಟ್ಟು ಬೀಗ ಹಾಕಿಕೊಟ್ಟ. ಆವತ್ತು ಮಧ್ಯಾಹ್ನ ಸುಮಂತನ ಪಕ್ಕದಲ್ಲಿ ಮಲಗಿದೆ. ಅವನು ಎದ್ದು ನನ್ನ ಮೂಗು ಹಿಂಡುವವರೆಗೆ ಎಚ್ಚರವಾಗಲಿಲ್ಲ. ಮರುದಿನವೂ ಮಲಗಿದೆ, ಅದರ ಮರುದಿನವೂ. ಹೀಗೆ ನಿದ್ದೆ ಮಾಡಿ ಎಷ್ಟು ಕಾಲವಾಗಿತ್ತೋ.

ಆ ದಿನಗಳಲ್ಲಿ ಗೇಟಿನ ಕಡೆ ನಾನು ಹೋಗಲೇ ಇಲ್ಲ. ಹೋಗುವ ಅಗತ್ಯ ಕಾಣಲಿಲ್ಲ.

ಒಂದು ಬೆಳಿಗ್ಗೆ ಮಾಚಿಕ್ ಮಳೆಯಲ್ಲೇ ಬಂದಳು. ಬಾಳೆಯೆಲೆಯಲ್ಲಿ ಸುತ್ತಿ ಏನನ್ನೋ ತಂದು ನಮ್ಮ ಮುಂಬಾಗಿಲ ಮೆಟ್ಟಿಲಲ್ಲಿಟ್ಟು ಹೋದಳು. ಎಲೆ ಬಿಚ್ಚಿ ನೋಡಿದೆ. ಎರಡು ಸತ್ತ ಬಾವಲಿಗಳಿದ್ದವು. ಒಂದರ ರೆಕ್ಕೆಯ ಮೂಳೆ ಮುರಿದಿತ್ತು. ಅನೀಶ ಅದನ್ನು ತನ್ನ ಅನಾಟಮಿ ಕ್ಲಾಸಿನಲ್ಲಿ ಹಿಡಿಯುವ ಹಾಗೆ ಎರಡೂ ಕಡೆ ಹಿಡಿದು ಬಿಡಿಸಿದ. ಮೈ ಇಲಿಯಷ್ಟೇ ಮಾಮಾ. ರೆಕ್ಕೆ ನನ್ನ ಎರಡು ಗೇಣಿಗೂ ಹೆಚ್ಚು.

ಆ ಸಂಜೆ ಹೋಗಿ ನಿಂತು ನೋಡಿದೆ. ಒಳಗಿನವು ಸರಳಿನವರೆಗೆ ಬರುತ್ತವೆ, ತಿರುಗುತ್ತವೆ, ಮತ್ತೆ ಬರುತ್ತವೆ. ನೆಟ್ಟಗಿನ ಸಂದಿನಲ್ಲಿ ರೆಕ್ಕೆ ಬಿಡಿಸಲು ಎಡೆಯಿಲ್ಲ. ಮಡಚಿ ನುಗ್ಗಿದವು ಕೆಳಗೆ ಬೀಳುತ್ತವೆ. ಮಳೆಗೆಂದು ಹೊರಗಿನಿಂದ ಬಂದವು ಒಳಗೆ ಹೋಗಲಾರದೆ ಗೇಟಿನ ಮುಂದೆಯೇ ಸುತ್ತುತ್ತಿದ್ದವು. ಗೇಟಿನಡಿಯಲ್ಲಿ ಬಿದ್ದವನ್ನು ನಾನು ಎಣಿಸಲಿಲ್ಲ.

ಬೀಗ ತೆಗೆದು ಬಾಗಿಲು ಪೂರ್ತಿ ತೆರೆದೆ. ಅಷ್ಟು ಅಗಲ ಸಿಕ್ಕಿದ್ದೇ ಹೋಗತೊಡಗಿದವು. ಅಂದಿನಿಂದ ಸಂಜೆ ನಾನು ತೆರೆಯುತ್ತೇನೆ, ಅವು ಹೋಗಿ ಮುಗಿಯುವವರೆಗೆ ಕೊಡೆ ಹಿಡಿದು ಬಾಗಿಲಲ್ಲೇ ನಿಲ್ಲುತ್ತೇನೆ. ಬೆಳಕು ಹರಿಯುವ ಮೊದಲು ಅವು ಮರಳುತ್ತವೆ, ಆಗಲೂ ಹೋಗಿ ನಿಲ್ಲುತ್ತೇನೆ. "ವಾಚ್‌ಮನ್ ಕೆಲಸಕ್ಕೆ ಯೂನಿಫಾರ್ಮ್ ಕೊಡ್ತಾರಾ ಮಾರಾಯ್ತಿ?" ಎಂದು ಅನೀಶ ಕೇಳಿದ. ಆಮೇಲೆ ಬೆಳಗಿನ ಪಾಳಿ ತಾನು ವಹಿಸಿಕೊಂಡ. ಹಗಲು ಬೀಗ ಇರುತ್ತದೆ. ಆದರೆ ಹಾಕಿದೆನೇ ಇಲ್ಲವೇ ಎಂದು ನಾಲ್ಕು ಸಲ ಹೋಗಿ ನೋಡಿ ಬರುತ್ತೇನೆ. ಬೀಗ ಹಾಕುವವನು ಮರೆಯುತ್ತಾನೆ ಎಂದಿರಲ್ಲ.

ಇದು ಎಷ್ಟು ದಿನ ನಡೆದೀತು? ತೆರೆದ ಬಾಗಿಲನ್ನು ಸಮಿತಿಯವರು ನೋಡಿದ್ದಾರೆ. ಹರಿರಾಯ, ಅಂದರೆ ರಂಜಾನ್ ಹಬ್ಬದೊಳಗೆ ಸರಿಯಾದ ಗೇಟು ಆಗದಿದ್ದರೆ ಕಾಂಕ್ರೀಟ್ ಎಂದಿದ್ದಾರೆ. ನನ್ನ ಹಳೆಯ ಅರ್ಜಿ ಇನ್ನೂ ಅವರ ಕೈಯಲ್ಲಿದೆ.

ಒಂದು ಯೋಚನೆ ಬಂದಿದೆ. ಸುಮಂತ ಮಲಗುವ ಪುಟ್ಟ ಮಂಚಕ್ಕೆ ಸುತ್ತ ಕಟಾಂಜನವಿದೆ, ಎಲ್ಲ ನೆಟ್ಟಗಿನ ಕಡ್ಡಿಗಳು, ಅವನು ಹತ್ತಲಾರ. ಗೇಟಿನ ಕೆಳಭಾಗ ಆ ಮಂಚದ ಹಾಗಿರಲಿ. ಅವನ ಕೈ ಎಟುಕದಲ್ಲಿಂದ ಮೇಲಕ್ಕೆ ಸರಳುಗಳನ್ನು ಅಡ್ಡ ಮಲಗಿಸಿ ಸಂದು ದೊಡ್ಡದು ಬಿಟ್ಟರೆ? ಅಡ್ಡ ಸಂದಿನಲ್ಲಿ ರೆಕ್ಕೆಗೆ ಎಡೆ ಸಿಗುತ್ತದೆ. ಎಷ್ಟು ಇಂಚು ಬಿಡಬೇಕು, ಗೊತ್ತಿಲ್ಲ. ಹೆಚ್ಚು ಬಿಡಲು ಕೈ ಬರುವುದಿಲ್ಲ. ಕಡಿಮೆ ಬಿಟ್ಟರೆ ಏನಾಗುತ್ತದೆಂದು ನೋಡಿಯಾಯಿತು.

ಮಯೂರಿ


ಹಟ್ಟಿ
29 ಡಿಸೆಂಬರ್ 1997

ಚಿ. ಮಯೂರಿ,

ನಕ್ಷೆ ನನ್ನದು, ಆದ್ದರಿಂದ ತಪ್ಪೂ ನನ್ನದು. ಲಿಮ್‌ನನ್ನು ದೂರಬೇಡ. ನಿನ್ನನ್ನೂ ದೂರಿಕೊಳ್ಳಬೇಡ. ನಾನು ಮೈಯನ್ನು ಅಳೆದೆ, ಹಾರಾಟವನ್ನು ಅಳೆಯಲಿಲ್ಲ.

ನಿನ್ನ ಕಾಗದ ಬಂದ ದಿನವೇ ಇಲ್ಲಿ ಊರಾಚೆ ಇರುವ ಹಳೆಯ ಸುರಂಗಕ್ಕೆ ಹೋದೆ. ನಿನ್ನ ಅತ್ತೆಯೂ ಮೊಣಕಾಲು ಹಿಡಿದುಕೊಂಡು ಬಂದಳು. ಬಾಯಿಯ ಎಡ ಅರ್ಧಕ್ಕೆ ಬಿದಿರಗಳುಗಳನ್ನು ನೆಟ್ಟಗೆ ಕಟ್ಟಿದೆ, ಬಲ ಅರ್ಧಕ್ಕೆ ಅಡ್ಡ ಕಟ್ಟಿದೆ. ಇಬ್ಬರೂ ಬಂಡೆಯ ಮೇಲೆ ಕೂತು ಸಂಜೆಗೆ ಕಾದೆವು. ಕಾವಲಿನವನು ಬಂದು, "ಸಾಹೇಬ್ರ, ರಿಟೈರ್ ಆದಮ್ಯಾಲೂ ಡ್ಯೂಟಿ ಏನ್ರೀ?" ಎಂದು ಕೇಳಿದ. "ಇವರ ಡ್ಯೂಟಿ ಮುಗದದ, ಈಗ ನಂದು ಶುರು ಆಗೇದ," ಎಂದಳು ನಿನ್ನ ಅತ್ತೆ.

ಎಡಗಡೆ ಒಂದೂ ಹಾಯಲಿಲ್ಲ. ಬಲಗಡೆ ಹಾದವು. ಇನ್ನೂ ಕೆಲವು ಸಂಜೆ ಹೋಗಿ ಸಂದನ್ನು ಕಡಿಮೆ ಮಾಡುತ್ತ ನೋಡಿದೆ. ಐದೂವರೆ ಇಂಚಿನವರೆಗೆ ತಡವರಿಸದೆ ಹಾಯುತ್ತವೆ. ಐದಕ್ಕೆ ತಂದರೆ ತಿರುಗುತ್ತವೆ. ನಿಮ್ಮ ಕಡೆಯ ಬಾವಲಿಯೂ ಇಷ್ಟೇ ಎಂದು ನಾನು ಆಣೆ ಮಾಡಲಾರೆ.

ಐದೂವರೆಯಲ್ಲಿ ಸುಮಂತನ ತಲೆ ಇವತ್ತು ಹಿಡಿಸುತ್ತದೆ. ಅದು ನಿನಗೂ ಗೊತ್ತು, ನೀನೇ ಅಳೆದಿದ್ದೀ. ಕೆಳಗಿನ ಭಾಗ ನೆಟ್ಟಗಿರಲಿ ಎಂಬ ನಿನ್ನ ಯೋಚನೆ ಸರಿ. ಅದನ್ನು ಅವನ ಎತ್ತರಕ್ಕೆ ಅಳೆಯಬೇಡ. ನಿನ್ನ ಭುಜದವರೆಗೆ ಏರಿಸು. ತಲೆ ಹಿಡಿಸುವ ವಯಸ್ಸಿನಲ್ಲಿ ಅವನ ಕೈ ಮೇಲಕ್ಕೆ ಎಟುಕದು. ಕೈ ಎಟುಕುವ ವಯಸ್ಸಿಗೆ ತಲೆ ಹಿಡಿಸದು. ಮೂವತ್ತು ವರ್ಷದಲ್ಲಿ ನಾನು ಇಂಥದ್ದೊಂದನ್ನು ಮಾಡಿಸಿಲ್ಲ.

ಸುರಕ್ಷಿತ ಎಂದು ಬರೆದುಕೊಡಿ ಎಂದರೆ ಬರೆಯಲಾರೆ. ಇಲ್ಲಿ ಕೂತು ಹೇಳುವುದು ಸುಲಭ. ಗೇಟಿನ ಆಚೆ ಬದಿ ಹೇಗಿದೆಯೋ ನಾನು ಕಂಡಿಲ್ಲ, ಮಗುವನ್ನೂ ಕಂಡಿಲ್ಲ. ನೀನೇ ನೋಡಿ ತೀರ್ಮಾನಿಸಬೇಕು. ಕಾಂಕ್ರೀಟೇ ಇರಲಿ ಎಂದರೂ ನಾನು ತಪ್ಪು ತಿಳಿಯುವುದಿಲ್ಲ.

ಜನಾರ್ದನ


ಕ್ವಾಂತಾನ್
15 ಫೆಬ್ರವರಿ 1998

ಮಾಮಾ, ಅತ್ತೆ, ಇಬ್ಬರಿಗೂ.

ಬರೆಯುವುದು ತಡವಾಯಿತು. ಚೀನೀ ಹೊಸವರ್ಷ, ಹರಿರಾಯ ಎರಡೂ ಒಂದೇ ವಾರದಲ್ಲಿ ಬಂದು ಲಿಮ್‌ನ ಅಂಗಡಿ ಮುಚ್ಚಿತ್ತು. ಸಮಿತಿಯಲ್ಲಿ ಅರ್ಧ ಜನ ತಮ್ಮ ತಮ್ಮ ಊರಿಗೆ ಹೋಗಿದ್ದರು. ಹಾಗಾಗಿ ಕಾಂಕ್ರೀಟೂ ತಡವಾಯಿತು. ಆ ಸಮಯ ನನಗೆ ಸಿಕ್ಕಿತು.

ಅಂಗಡಿ ತೆರೆದ ಮೊದಲ ದಿನವೇ ಹೋದೆ. ಮೇಲಿನದು ಒಂದು ರೀತಿ, ಕೆಳಗಿನದು ಇನ್ನೊಂದು ರೀತಿ ಎಂದು ಕೇಳಿ ಲಿಮ್ ನಕ್ಷೆಯನ್ನು ತಲೆಕೆಳಗೆ ಮಾಡಿಯೂ ನೋಡಿದ. ಇಂಥ ಗ್ರಿಲ್ ಮಾಡಿದ್ದು ತಾನೆಂದು ಯಾರಿಗೂ ಹೇಳಬಾರದು ಎಂದ. ಹೋದ ಶನಿವಾರ ತಂದು ಕೂರಿಸಿದ.

ದೇವದಾಸರು ಸಮಿತಿಯ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಒಂದು ಕಾಗದವಿತ್ತು. ಇದು ಸಾಕು, ಕಾಂಕ್ರೀಟ್ ಬೇಡ ಎಂದು ಅದರಲ್ಲಿ ಬರೆದಿತ್ತು. "ಅಮ್ಮಾ, ಮೊದಲನೆಯದು ನೀವೇ ಕೊಟ್ಟದ್ದು. ಇದಕ್ಕೂ ನಿಮ್ಮದೇ ಸಹಿ ಬೇಕು. ಚಿಕ್ಕ ಮಗು ಇರುವ ಮನೆಯವರು ಒಪ್ಪದೆ ನಾವು ಹೇಗೆ ಒಪ್ಪುವುದು?" ಎಂದರು. ಅವರ ಮಾತು ಸರಿಯಾಗಿಯೇ ಇತ್ತು.

ಮೊದಲು ಅವನು ನೋಡಲಿ ಎಂದೆ.

ಅನೀಶನ ತೋಳಿನಿಂದ ಸುಮಂತನನ್ನು ಇಳಿಸಿ ಗೇಟಿನ ಮುಂದೆ ಬಿಟ್ಟೆ. ಯಾರೂ ಕರೆಯಬೇಡಿ, ಹಿಡಿಯಬೇಡಿ ಎಂದು ಹೇಳಿ ದೂರ ಬಂದು ನಿಂತೆ. ಒಳಗೆ ನೀರಿದೆ ಎಂಬುದು ಅವನಿಗೆ ಇನ್ನೂ ನೆನಪಿದೆ. ನೇರ ಹೋಗಿ ಸರಳು ಹಿಡಿದು ಅಲುಗಾಡಿಸಿದ. ಕೈ ತೂರಿಸಿದ, ಕಾಲು ತೂರಿಸಿದ. ತಲೆ ಒತ್ತಿದ, ಹಿಡಿಸಲಿಲ್ಲ. ಹತ್ತಲು ನೋಡಿ ಜಾರಿ ಕೂತ. ಮೇಲಿನ ಅಡ್ಡ ಸಂದುಗಳನ್ನು ಕಂಡು ಎರಡೂ ಕೈ ಎತ್ತಿ, "ಅಪ್," ಎಂದ. ಯಾರೂ ಎತ್ತಲಿಲ್ಲ. ಸಮಿತಿಯವರಲ್ಲಿ ಒಬ್ಬರು ನಕ್ಕರು. ದೇವದಾಸರು ಪೆನ್ನಿನ ಮುಚ್ಚಳ ತೆಗೆದರು.

ಅವನು ಎದ್ದು ಗೇಟಿನ ಎಡ ತುದಿಗೆ ನಡೆದ. ಅಲ್ಲಿ ಬಂಡೆ ನೆಲದ ಹತ್ತಿರ ಒಳಕ್ಕೆ ಬಾಗಿದೆ. ಚೌಕಟ್ಟಿಗೂ ಬಂಡೆಗೂ ನಡುವೆ ಎಡೆ ಉಳಿದಿತ್ತು. ಲಿಮ್ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಮೂವತ್ತು ಇಂಚು ಎತ್ತರದಿಂದ ನೋಡುವವರಿಗೆ ಮಾತ್ರ ಕಾಣುವಂಥದ್ದು. ಅವನು ತಲೆ ಬಗ್ಗಿಸಿದ, ತಲೆ ಹೋಯಿತು. ಒಂದು ಭುಜ ಹೋಯಿತು. ಅನೀಶ ಹಾರಿ ಹೋಗಿ ಕಾಲು ಹಿಡಿದು ಎಳೆದ.

ಮಗು ಸಿಟ್ಟಿನಿಂದ ಅತ್ತಿತು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೋಡಿದಿರಲ್ಲ, ಕಾಂಕ್ರೀಟೇ ಆಗಲಿ ಎಂದು ಒಂದು ಮಾತು ನಾನು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆ ಮಾತು ಬಾಯಿಯವರೆಗೆ ಬಂದಿತ್ತು ಮಾಮಾ. ಮಾಚಿಕ್ ತನ್ನ ಮರಗಳ ಕಡೆ ಮುಖ ಮಾಡಿ ನಿಂತಿದ್ದಳು.

ನಾನು ಲಿಮ್‌ಗೆ, "ಇಲ್ಲೊಂದು ತುಂಡು ಬೇಕು, ಈಗಲೇ," ಎಂದೆ. ಊಟಕ್ಕೆ ಹೋಗಿ ಬರುತ್ತೇನೆ ಎಂದ. ಊಟ ನಾನು ಕಟ್ಟಿಸಿ ತರಿಸುತ್ತೇನೆ ಎಂದೆ. ಅವನು ವ್ಯಾನಿನಿಂದ ಸರಳು ತೆಗೆದು, ಬಂಡೆಯ ಬಾಗಿಗೆ ಸರಿಯಾಗಿ ಬಗ್ಗಿಸಿ ಬೆಸೆದ. ಬಲ ತುದಿಗೂ ಕೇಳದೆಯೇ ಒಂದು ಹಾಕಿದ. ಕಬ್ಬಿಣ ತಣಿಯುವವರೆಗೆ ನಾವೆಲ್ಲ ಬಾಳೆಯೆಲೆಯಲ್ಲಿ ಸುತ್ತಿದ ತೆಂಗಿನ ಹಾಲಿನ ಅನ್ನ, ನಾಸಿ ಲೆಮಾಕ್, ತಿಂದೆವು. ಆಮೇಲೆ ಸುಮಂತನನ್ನು ಮತ್ತೆ ಬಿಟ್ಟೆ. ಎಡ ತುದಿಗೇ ಓಡಿದ. ಅಲ್ಲಿ ಇಲ್ಲ. ಬಲ ತುದಿಗೆ ಹೋದ. ಒಂದೊಂದೇ ಸರಳು ಮುಟ್ಟುತ್ತ ಉದ್ದಕ್ಕೂ ನಡೆದ. ನಾನು ಕಿರುಬೆರಳನ್ನೂ ಅಲುಗಿಸಲಿಲ್ಲ. ಕೊನೆಗೆ ಬೇಸತ್ತು ಬಂದು ಮಾಚಿಕ್ ಉಟ್ಟ ಸರೋಂಗ್ ಲುಂಗಿ ಹಿಡಿದುಕೊಂಡು ನಿಂತ.

ಅಷ್ಟರಲ್ಲಿ ಸಂಜೆಯಾಗಿತ್ತು. ಬೀಗ ಹಾಕಿಯೇ ಇತ್ತು. ಮೊದಲ ಎರಡು ಬಾವಲಿಗಳು ಸರಳಿನವರೆಗೆ ಬಂದು ತಿರುಗಿದವು. ಇಲ್ಲಿಯವಕ್ಕೆ ಐದೂವರೆ ಸಾಲದೇನೋ ಎಂದುಕೊಂಡೆ. ಮೂರನೆಯದು ತಿರುಗಲಿಲ್ಲ. ಅಡ್ಡ ಸಂದಿನಲ್ಲಿ ರೆಕ್ಕೆ ಬಿಡಿಸಿಕೊಂಡೇ ಹಾದುಹೋಯಿತು. ಅದರ ಹಿಂದೆ ಉಳಿದವು ಬಂದವು.

ದೇವದಾಸರು ಕಾಗದವನ್ನು ವ್ಯಾನಿನ ಬಾನೆಟ್ಟಿನ ಮೇಲೆ ಹರಡಿ ಸಹಿಯ ಜಾಗ ತೋರಿಸಿದರು. ನಾನು ಪೆನ್ನು ತೆಗೆದುಕೊಂಡೆ. ಸುಮಂತ ಮಾಚಿಕ್‌ಳ ಕೈ ಬಿಡಿಸಿಕೊಂಡು ಮತ್ತೆ ಗೇಟಿನ ಕಡೆಗೆ ಓಡಿದ ಸದ್ದು ಕೇಳಿಸಿತು. ತಿರುಗಿ ನೋಡದೆ ಸಹಿ ಮಾಡಿದೆ. ಹೆಸರು ಪೂರ್ತಿ ಬರೆದು, ಕೆಳಗೆ ತಾರೀಖನ್ನೂ ಹಾಕಿದೆ.

ನಿಮ್ಮ
ಮಯೂರಿ